ಗಾಲಿಯ ಮೇಲಿನ ಮನೆಗೆ ಶುದ್ಧ ನೀರು



ದಸರಾ ದೀಪಾವಳಿ ಮುಗಿಯುವ ಹೊತ್ತಿಗೆ ಸೊಲ್ಲಾಪುರದ ರಸ್ತೆಗಳಲ್ಲಿ ಒಂದು ನೋಟ ಪ್ರತಿ ವರ್ಷವೂ ಕಾಣಸಿಗುತ್ತದೆ. ಟ್ರ್ಯಾಕ್ಟರ್‌ನ ಹಿಂದೆ ಎರಡು ಟ್ರಾಲಿ. ಅದರಲ್ಲಿ ಹಾಸಿಗೆ, ಹಿಟ್ಟಿನ ಚೀಲ, ಒಲೆ, ಬಾಂಡೆ ಸಾಮಾನು, ಒಂದೆರಡು ಕೋಳಿ, ಮಡಿಲಲ್ಲಿ ಮಗು. ಮೂಲೆಯಲ್ಲಿ ಹಗ್ಗ ಬಿಗಿದ ಒಂದು ನೀರಿನ ಟಾಕಿ ಅಥವಾ ಡ್ರಮ್. ಕಬ್ಬು ಕಡಿಯುವ ಟೋಳಿಯವರು ಊರು ಬಿಟ್ಟು ಹೊರಟಿರುತ್ತಾರೆ. ಮುಂದಿನ ನಾಲ್ಕೈದು ತಿಂಗಳು ಟ್ರಾಲಿ ಮತ್ತು ಕೋಪಿಯೇ ಅವರ ಮನೆ. ಆಷಾಢದಲ್ಲಿ ಪಂಢರಪುರದ ದಿಂಡಿಗಳ ಜೊತೆ ಸಾಗುವ ಟ್ರಕ್ಕುಗಳೂ ಹೀಗೆಯೇ ಟಾಕಿ ಹೊತ್ತು ಹೋಗುತ್ತವೆ.

ಪರದೇಶಗಳಲ್ಲಿ ಅಡಿಗೆಮನೆ, ಹಾಸಿಗೆ, ನಳ ಎಲ್ಲ ಇರುವ ಮೋಟಾರು ಮನೆಗಳಲ್ಲಿ ಜನ ಪ್ರವಾಸ ಹೋಗುತ್ತಾರೆ. ಅವರದು ಸುಖಕ್ಕಾಗಿ, ನಮ್ಮವರದು ಹೊಟ್ಟೆಪಾಡಿಗಾಗಿ. ಆದರೆ ಗಾಲಿಯ ಮೇಲಿನ ಟಾಕಿಯ ಕಷ್ಟ ಇಬ್ಬರಿಗೂ ಒಂದೇ. ನೀರು ಎಲ್ಲಿಂದಲೋ ತುಂಬಬೇಕು, ಬಿಸಿಲಲ್ಲಿ ಸಾಗಬೇಕು, ದಿನಗಟ್ಟಲೆ ಇಡಬೇಕು. ಅಲ್ಲಿಯವರು ಇದಕ್ಕಾಗಿ ಕೆಲವು ಶಿಸ್ತುಗಳನ್ನು ಪಾಲಿಸುತ್ತಾರೆ. ಅವೇ ಶಿಸ್ತುಗಳು ನಮ್ಮ ಟ್ರಾಲಿಯ ಟಾಕಿಗೂ, ತೋಟದ ಮನೆಯ ಟಾಕಿಗೂ, ಟ್ಯಾಂಕರ್ ನೀರು ತುಂಬುವ ಡ್ರಮ್ಮಿಗೂ ಬೇಕು. ಈ ಸಲ ಅವನ್ನೇ ವಿವರಿಸುತ್ತೇನೆ.

ನೀರನ್ನು ಕೂಡಿಡುವುದು ನಮಗೆ ಹೊಸದಲ್ಲ. 1972ರ ಬರವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಸೊಲ್ಲಾಪುರ ಶಹರಕ್ಕೆ ಭೀಮಾ ನದಿಯ ಉಜನಿ ಜಲಾಶಯ, ಅಕ್ಕಲಕೋಟೆಗೆ ಬೋರಿ ನದಿಯ ಕುರನೂರು ಜಲಾಶಯ ಆಸರೆಯಾಗಿವೆ. ಆದರೂ ಮಳೆ ಕೈಕೊಟ್ಟ ವರ್ಷ ಟ್ಯಾಂಕರಿನ ದಾರಿ ನೋಡುವುದು ತಪ್ಪುವುದಿಲ್ಲ. ಕೂಡಿಟ್ಟ ನೀರು ಬಂಗಾರದಂತೆ ಎಂದು ನಾವು ತಿಳಿದಿದ್ದೇವೆ. ಆದರೆ ಬಂಗಾರ ಇಟ್ಟಲ್ಲಿ ಕೆಡುವುದಿಲ್ಲ, ನೀರು ಕೆಡುತ್ತದೆ.

ಟಾಕಿಯೊಳಗೆ ನೀರು ಕೆಡುವುದು ಹೇಗೆ?

ತಿಳಿಯಾಗಿ ಕಂಡ ನೀರಿನಲ್ಲಿಯೂ ನುಣುಪು ಮಣ್ಣು ಇರುತ್ತದೆ. ಅದು ನಿಧಾನವಾಗಿ ತಳಕ್ಕೆ ಇಳಿದು ಕೆಸರಾಗುತ್ತದೆ. ಟಾಕಿಯ ಒಳಗೋಡೆಯ ಮೇಲೆ ಲೋಳೆಯಂಥ ತೆಳು ಪದರ ಬೆಳೆಯುತ್ತದೆ. ಕೈಯಿಂದ ಸವರಿದರೆ ಜಾರುತ್ತದಲ್ಲ, ಅದೇ. ಈ ಕೆಸರು ಮತ್ತು ಲೋಳೆ ರೋಗಾಣುಗಳಿಗೆ ಬಿಲ ಇದ್ದಂತೆ. ಮೇಲಿನಿಂದ ಎಷ್ಟೇ ಔಷಧಿ ಹಾಕಿದರೂ ಅದು ಮೊದಲು ಕೆಸರಿನ ಮೇಲೆಯೇ ಖರ್ಚಾಗಿ ಹೋಗುತ್ತದೆ. ಆದುದರಿಂದ ತಿಕ್ಕಿ ತೊಳೆಯದೆ ಔಷಧಿ ಹಾಕುವುದು ವ್ಯರ್ಥ.

ಎರಡನೆಯ ಶತ್ರು ಬಿಸಿಲು. ಬೆಳಕು ಒಳಹೋಗುವ ಬಿಳಿ ಟಾಕಿಯಲ್ಲಿ ಹಸಿರು ಪಾಚಿ ಬೆಳೆಯುತ್ತದೆ. ಕರಿಯ ಟಾಕಿಯಲ್ಲಿ ಪಾಚಿ ಕಡಿಮೆ, ಆದರೆ ನಮ್ಮ ಬೇಸಿಗೆಯಲ್ಲಿ ನೀರು ಕಾಯುತ್ತದೆ. ಕಾದ ನೀರಿನಲ್ಲಿ ಕ್ಲೋರಿನ್ ಬೇಗ ಆರಿಹೋಗುತ್ತದೆ. ಟಾಕಿ ಯಾವ ಬಣ್ಣದ್ದಾದರೂ ನೆರಳಿನಲ್ಲಿಡಿ, ಇಲ್ಲವೇ ಮೇಲೆ ಗೋಣಿತಾಟು ಹೊದಿಸಿ.

ಮೂರನೆಯದು ತೆರೆದ ಬಾಯಿ. ಡೆಂಗ್ಯೂ ಹರಡುವ ಸೊಳ್ಳೆ ಗಟಾರದಲ್ಲಲ್ಲ, ನಾವು ಕೂಡಿಟ್ಟ ಸ್ವಚ್ಛ ನೀರಿನಲ್ಲಿಯೇ ಬೆಳೆಯುತ್ತದೆ. ತತ್ತಿಯಿಂದ ಸೊಳ್ಳೆಯಾಗಲು ಬೆಚ್ಚನೆಯ ದಿನಗಳಲ್ಲಿ ಏಳರಿಂದ ಹತ್ತು ದಿನ ಸಾಕು. ತತ್ತಿಗಳು ನೀರಿನ ಮಟ್ಟದ ಮೇಲಿನ ಗೋಡೆಗೆ ಅಂಟಿಕೊಂಡಿದ್ದು, ನೀರು ಆರಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದುದರಿಂದ ವಾರಕ್ಕೊಮ್ಮೆ ಡ್ರಮ್ಮನ್ನು ಬರಿದು ಮಾಡುವುದಷ್ಟೇ ಸಾಲದು, ಗೋಡೆಯನ್ನೂ ತಿಕ್ಕಬೇಕು. ಮುಚ್ಚಳ ಬಿಗಿಯಾಗಿರಬೇಕು, ಗಾಳಿಯ ಕೊಳವೆಗೆ ಬಟ್ಟೆ ಅಥವಾ ಜಾಳಿಗೆ ಕಟ್ಟಬೇಕು. ನಮ್ಮ ಗುರುಮನೆಯ ಟಾಕಿಯಲ್ಲಿ ಒಮ್ಮೆ ಸತ್ತ ಹಲ್ಲಿ ಸಿಕ್ಕಿತು. ಮುಚ್ಚಳ ಸೀಳಿದ್ದು ನನಗೆ ಗೊತ್ತಿತ್ತು, ನಾಳೆ ಬದಲಿಸೋಣವೆಂದು ಎರಡು ತಿಂಗಳು ಕಳೆದಿದ್ದೆ. ಎಷ್ಟು ದಿನ ಆ ನೀರನ್ನು ಕುಡಿದೆನೋ ದೇವರೇ ಬಲ್ಲ!

ಟಾಕಿ ತೊಳೆಯುವ ಕ್ರಮ

ಹೊರಡುವ ಮುಂಚೆ ಒಮ್ಮೆ, ಮರಳಿ ಬಂದ ಮೇಲೆ ಒಮ್ಮೆ, ಮನೆಯ ಟಾಕಿಯಾದರೆ ಮೂರು ತಿಂಗಳಿಗೊಮ್ಮೆ ಈ ಕೆಲಸ ಮಾಡಿರಿ.

1. ಟಾಕಿಯ ಅಳತೆ ತಿಳಿಯಿರಿ. ಚೌಕ ಟಾಕಿಯಾದರೆ ಉದ್ದ, ಅಗಲ, ಎತ್ತರಗಳನ್ನು ಅಡಿಗಳಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ದುಂಡು ಟಾಕಿಯಾದರೆ ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ, 22ರಿಂದ ಗುಣಿಸಿರಿ. ಮೂರು ಅಡಿ ಅಡ್ಡ, ನಾಲ್ಕು ಅಡಿ ಎತ್ತರದ ಟಾಕಿ ಸುಮಾರು 800 ಲೀಟರಿನದು.

2. ನೀರನ್ನೆಲ್ಲ ಬಿಟ್ಟು, ಉದ್ದ ಹಿಡಿಕೆಯ ಬ್ರಶ್ಶಿನಿಂದ ತಳ, ಗೋಡೆ, ಮುಚ್ಚಳದ ಒಳಬದಿ ತಿಕ್ಕಿ, ಕೆಸರು ಹೊರಹಾಕಿರಿ.

3. ಒಂದು ಬಕೆಟ್, ಅಂದರೆ 20 ಲೀಟರ್ ನೀರಿಗೆ 15 ಗ್ರಾಮ್ ಹೊಸ ಬ್ಲೀಚಿಂಗ್ ಪುಡಿ ತೆಗೆದುಕೊಳ್ಳಿರಿ. ನಮ್ಮ ಗ್ರಾಮ ಪಂಚಾಯತಿಗಳಲ್ಲಿ ಟೀಸೀಎಲ್ ಪುಡಿ ಎನ್ನುವುದು ಇದನ್ನೇ. ಮೊದಲು ಸ್ವಲ್ಪ ನೀರಿನಲ್ಲಿ ಅಂಬಲಿಯಂತೆ ಕಲಸಿ, ಬಕೆಟ್ಟಿಗೆ ಬೆರೆಸಿ, ಸುಣ್ಣ ತಳಕ್ಕೆ ಕೂಡಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಳಸಬೇಕು. ಆ ತಿಳಿಯಿಂದ ಒಳಭಾಗವನ್ನೆಲ್ಲ ಒರೆಸಿ, ಅರ್ಧ ತಾಸು ಹಸಿಯಾಗಿಯೇ ಇರುವಂತೆ ನೋಡಿಕೊಳ್ಳಿರಿ. ನಳದಿಂದಲೂ ಸ್ವಲ್ಪ ಹರಿಯಬಿಡಿ. ಆಮೇಲೆ ಸ್ವಚ್ಛ ನೀರಿನಿಂದ ತೊಳೆದರೆ ಆಯಿತು.

ನೀರು ಸಾಕಷ್ಟಿರುವವರು ಟಾಕಿಯನ್ನು ಪೂರ್ತಿ ತುಂಬಿ, ಸಾವಿರ ಲೀಟರಿಗೆ 150 ಗ್ರಾಮ್ ಪುಡಿಯ ತಿಳಿ ಬೆರೆಸಿ, ಎಲ್ಲ ನಳಗಳಲ್ಲಿ ವಾಸನೆ ಬರುವವರೆಗೆ ಬಿಟ್ಟು, ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಖಾಲಿ ಮಾಡುವುದುಂಟು. ಮೋಟಾರು ಮನೆಯವರ ಪದ್ಧತಿ ಇದೇ. ಬರದ ನಾಡಿನ ನಮಗೆ ಬಕೆಟ್ಟಿನ ಪದ್ಧತಿ ಸಾಕು. ತೊಳೆದ ನೀರನ್ನು ಸಸಿಗಳಿಗೆ ಹಾಕಬೇಡಿ. ಶೌಚಾಲಯ ತೊಳೆಯಲು ಬಳಸಿರಿ.

ಕುಡಿಯುವ ನೀರಿಗೆ ಎಷ್ಟು?

ತೊಳೆಯುವ ಪ್ರಮಾಣ ಬೇರೆ, ಕುಡಿಯುವ ಪ್ರಮಾಣ ಬೇರೆ. ಇವೆರಡನ್ನು ಎಂದೂ ಕಲೆಸಬೇಡಿ. ತಿಳಿ ನೀರಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಮ್ ಪುಡಿಯ ತಿಳಿ ಸಾಕು. ಬೆರೆಸಿ ಒಂದು ತಾಸು ಬಿಡಿ. ಆಗ ಮೂಗಿಗೆ ತುಸುವೇ ಔಷಧಿಯ ವಾಸನೆ ಬರಬೇಕು. ಏನೂ ಬಾರದಿದ್ದರೆ ಅಷ್ಟೇ ಪ್ರಮಾಣ ಇನ್ನೊಮ್ಮೆ ಹಾಕಿರಿ. ರಾಡಿ ನೀರಿಗೆ ಮೊದಲು ಪಟಕ ತಿರುಗಿಸಿ, ಮಣ್ಣು ತಳ ಸೇರಿದ ಮೇಲೆ ತಿಳಿಯನ್ನು ಬಸಿದುಕೊಂಡು ಔಷಧಿ ಹಾಕಬೇಕು. ಇಷ್ಟು ಸಣ್ಣ ತೂಕ ಮನೆಯಲ್ಲಿ ಆಗದು. ಅಂಗಡಿಯ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿಸಿ, ಚಿಕ್ಕ ಪೊಟ್ಟಣಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಗಾಳಿ ಬಿಸಿಲು ತಾಗಿದ ಪುಡಿ ಸತ್ವ ಕಳೆದುಕೊಂಡು ಬರೀ ಸುಣ್ಣವಾಗುತ್ತದೆ. ಮಹಾರಾಷ್ಟ್ರದ ಗ್ರಾಮ ಪಂಚಾಯತಿಗಳಲ್ಲಿ ಜಲಸುರಕ್ಷಕರಿದ್ದಾರೆ. ನೀರಿನ ತಪಾಸಣೆಯ ಬಗ್ಗೆ ಅವರನ್ನು ಕೇಳಲು ಸಂಕೋಚಬೇಡ. ಕೈಗೂಸುಗಳಿಗೆ ಮಾತ್ರ ಕುದಿಸಿ ಆರಿಸಿದ ನೀರೇ ಉತ್ತಮ.

ವಿಷದ ಡ್ರಮ್

ಈಗ ಬಹಳ ಮುಖ್ಯವಾದ ಮಾತು. ದ್ರಾಕ್ಷಿ, ದಾಳಿಂಬೆಯ ತೋಟಗಳಿರುವಲ್ಲಿ ಔಷಧಿಯ ಖಾಲಿ ಡ್ರಮ್ಮುಗಳು ಅಗ್ಗಕ್ಕೆ ಸಿಗುತ್ತವೆ. ಸಾಬೂನು ಹಾಕಿ ಮೂರು ಸಲ ತೊಳೆದೆ, ಇನ್ನೇನು ಎನ್ನುವವರಿದ್ದಾರೆ. ಪ್ಲಾಸ್ಟಿಕ್ ವಿಷವನ್ನು ಹೀರಿಕೊಂಡು ನಂತರ ಸ್ವಲ್ಪಸ್ವಲ್ಪವಾಗಿ ನೀರಿಗೆ ಬಿಡುತ್ತದೆ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸಿಕ್ಕಿತು. ಆ ಎಣ್ಣೆಯನ್ನು ವಿಷದ ಡಬ್ಬಿಯಲ್ಲಿ ಇಟ್ಟಿದ್ದಿರಬೇಕೆಂದು ತನಿಖೆಯವರು ಹೇಳಿದರು. ಒಂದು ಖಾಲಿ ಡಬ್ಬಿಯ ಬೆಲೆ ಎಷ್ಟು, ನೀವೇ ಯೋಚಿಸಿರಿ. ಅಂಥ ಡ್ರಮ್ಮಿಗೆ ತೂತು ಹೊಡೆದು, ಯಾರೂ ಮತ್ತೆ ಬಳಸದಂತೆ ಮಾಡಿರಿ.

ಇನ್ನೊಂದು ಗುಪ್ತ ದಾರಿಯಿದೆ. ಕುಡಿಯುವ ಟಾಕಿಯಿಂದಲೇ ಪೈಪು ಹಾಕಿ ಸಿಂಪರಣೆಯ ಟಾಕಿ ತುಂಬುವಾಗ, ಪೈಪಿನ ತುದಿ ಔಷಧಿಯಲ್ಲಿ ಮುಳುಗಿರುತ್ತದೆ. ಪಂಪು ನಿಂತಾಗ ಅಥವಾ ಮಟ್ಟ ತಗ್ಗಿದಾಗ ವಿಷ ಹಿಂದಕ್ಕೆ ಎಳೆದುಕೊಂಡು ಕುಡಿಯುವ ನೀರಿಗೆ ಬರಬಹುದು. ಪೈಪಿನ ತುದಿಯನ್ನು ಯಾವಾಗಲೂ ಒಂದು ಗೇಣು ಮೇಲೆಯೇ ಹಿಡಿಯಿರಿ. ಕುಡಿಯುವ ನೀರಿಗೆ ಬೇರೆಯೇ ಪೈಪು ಇಟ್ಟು, ಎರಡೂ ತುದಿಗೆ ಸ್ವಚ್ಛ ಬಟ್ಟೆ ಕಟ್ಟಿ, ನೆಲಕ್ಕೆ ತಾಗದಂತೆ ತೂಗುಹಾಕಿರಿ.

ಜೀವಕ್ಕೆ ಎಚ್ಚರಿಕೆ

ನೆಲದೊಳಗಿನ ಟಾಕಿಗೆ ಒಬ್ಬರೇ ಇಳಿಯಬೇಡಿ. ಬಹಳ ದಿನ ಮುಚ್ಚಿದ್ದ ಟಾಕಿಯಲ್ಲಿ ಉಸಿರಾಟಕ್ಕೆ ಬೇಕಾದ ಗಾಳಿಯೇ ಇರದಿರಬಹುದು. ಒಳಗಿನವನು ಬಿದ್ದನೆಂದು ಅಣ್ಣನೂ ಹಾರಿ, ತಂದೆಯೂ ಹಾರಿ, ಒಂದೇ ಮನೆಯ ಹೆಣಗಳು ಸಾಲಾಗಿ ಮಲಗಿದ ಸುದ್ದಿಗಳನ್ನು ನಾವು ಓದುತ್ತಲೇ ಇರುತ್ತೇವೆ. ಬ್ಲೀಚಿಂಗ್ ಪುಡಿಯ ಜೊತೆ ಶೌಚಾಲಯದ ಆಸಿಡ್ ಎಂದೂ ಬೆರೆಸಬೇಡಿ. ಪ್ರಾಣ ತೆಗೆಯುವ ಗಾಳಿ ಏಳುತ್ತದೆ. ಮಕ್ಕಳನ್ನು ಟಾಕಿಯೊಳಗೆ ಇಳಿಸಬೇಡಿ.

ಪ್ರಯಾಣದಲ್ಲಿ ತೂಕವನ್ನೂ ನೆನಪಿಡಿ. ಸಾವಿರ ಲೀಟರ್ ಎಂದರೆ ಒಂದು ಟನ್. ಅರ್ಧ ತುಂಬಿದ ದೊಡ್ಡ ಟಾಕಿಯಲ್ಲಿ ನೀರು ಅತ್ತಿತ್ತ ಹೊಯ್ದಾಡಿ, ತಿರುವಿನಲ್ಲಿ ಟ್ರಾಲಿಯನ್ನು ಮಗುಚಬಹುದು. ತುಂಬಿದರೆ ಪೂರ್ತಿ ತುಂಬಿ ಬಿಗಿದು ಕಟ್ಟಿರಿ, ಇಲ್ಲವೇ ಖಾಲಿ ಒಯ್ದು ಅಲ್ಲಿ ತುಂಬಿಕೊಳ್ಳಿರಿ.

ಇಷ್ಟಾದರೂ ಮಗುವಿಗೆ ಭೇದಿ ಹತ್ತಿದರೆ ಮುಕಾದಮ ರಜೆ ಕೊಡುವನೇ ಎಂದು ಕಾಯಬೇಡಿ. ಒಂದು ಲೀಟರ್ ಸ್ವಚ್ಛ ನೀರಿಗೆ ಸಪಾಟಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತ ಆಸ್ಪತ್ರೆಗೆ ನಡೆಯಿರಿ. ಮಗು ಎದೆಹಾಲು ಕುಡಿಯುತ್ತಿದ್ದರೆ ನಿಲ್ಲಿಸಬಾರದು.

ಇದೆಲ್ಲ ಬಡವರಿಂದ ಆಗುವುದೇ ಎಂದು ಕೇಳಬಹುದು. ಒಂದು ಕಾಲಕ್ಕೆ ಮಹಾರಾಷ್ಟ್ರ, ಕರ್ನಾಟಕಗಳ ಹಳ್ಳಿಗಳಲ್ಲಿ ನಾರುಹುಣ್ಣು ಇತ್ತು. ಮೆಟ್ಟಿಲು ಬಾವಿಗಳ ನೀರಿನಿಂದ ಅದು ಹಬ್ಬುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸುವುದು, ಬಾವಿಗಳನ್ನು ಸುಧಾರಿಸುವುದು, ಹುಣ್ಣಿನ ಕಾಲನ್ನು ನೀರಿಗಿಡದಿರುವುದು, ಇಂಥ ಸಾದಾ ಕ್ರಮಗಳಿಂದಲೇ ದೇಶದಲ್ಲಿ 1996ರ ನಂತರ ಒಂದು ಪ್ರಕರಣವೂ ಕಾಣಲಿಲ್ಲ. 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಿಸಲಾಯಿತು. ಅದಕ್ಕೆ ಲಸಿಕೆಯೂ ಇರಲಿಲ್ಲ, ಮದ್ದೂ ಇರಲಿಲ್ಲ. ಹಳ್ಳಿಯ ತಾಯಂದಿರ ಕೈಯ ಬಟ್ಟೆಯೇ ಮದ್ದಾಯಿತು.

ಆದುದರಿಂದ ಈ ವರ್ಷ ಕಬ್ಬಿಗೆ ಹೊರಡುವವರು ಕೋಯ್ತಾ ಮಸೆಯುವ ದಿನವೇ ಟಾಕಿಯನ್ನೂ ತೊಳೆಯಿರಿ. ಊರಿನಲ್ಲಿ ಉಳಿಯುವವರು, ನಿಮ್ಮ ಹೊಲಕ್ಕೆ ಕಡಿಯಲು ಬಂದ ಟೋಳಿಗೆ ನೀರು ಎಲ್ಲಿಂದ ಎಂದು ವಿಚಾರಿಸಿರಿ. ನಿಮ್ಮ ಬೋರಿನ ಒಳ್ಳೆಯ ನೀರು, ಒಂದು ಬಿಗಿ ಮುಚ್ಚಳದ ಡ್ರಮ್ಮು ಅವರಿಗೆ ಒದಗಿಸಿರಿ. ಅವರ ಮಕ್ಕಳೂ ನಮ್ಮ ಮಕ್ಕಳೇ.