ಇಂಜಿನ್ ಬಿಚ್ಚುವ ಮೊದಲು ಒತ್ತಡ ಅಳೆಯಿರಿ

ಕಲಘಟಗಿ ಭಾಗದ ಅಡಿಕೆ ತೋಟಗಳಿಗೆ ಬೇಸಿಗೆಯಲ್ಲಿ ವಿದ್ಯುತ್ತು ಕೈಕೊಟ್ಟಾಗ ಡೀಸೆಲ್ ಪಂಪ್‌ಸೆಟ್ಟೇ ಆಸರೆ. ಅದೂ ನಿಂತರೆ, ನೀರು ತಪ್ಪಿದ ಮರ ಎಳೆಕಾಯಿ ಉದುರಿಸುತ್ತದೆ. ಆದರೂ ಇಂಜಿನ್ನಿನ ಆರೋಗ್ಯ ವಿಚಾರಿಸುವುದು ಅದು ಕೆಟ್ಟ ಮೇಲೆಯೇ!

ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಒತ್ತಿ, ಆ ಕಾವಿನಿಂದಲೇ ಡೀಸೆಲ್ ಹೊತ್ತಬೇಕು. ಒತ್ತಡ ಸೋರಿದರೆ ಹ್ಯಾಂಡಲ್ ತಿರುವಿ ತೋಳು ಸೋಲುತ್ತದೆಯೇ ಹೊರತು ಇಂಜಿನ್ ಏಳುವುದಿಲ್ಲ. ಹಾಗೆಂದು ಹೊಗೆ ಕಂಡ ಕೂಡಲೆ ರಿಂಗ್ ಹೋಗಿವೆ ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಕಪ್ಪು ಹೊಗೆ ಕೆಟ್ಟ ಇಂಜೆಕ್ಟರಿನಿಂದಲೂ, ಕಟ್ಟಿಕೊಂಡ ಏರ್ ಕ್ಲೀನರಿನಿಂದಲೂ ಬರುತ್ತದೆ.

ಮೊದಲು ಟ್ಯಾಪೆಟ್ ಅಂತರ ಸರಿಪಡಿಸಿರಿ. ಇಂಜಿನ್ ಬೆಚ್ಚಗಿರುವಾಗ ಡೀಸೆಲ್ ನಿಲ್ಲಿಸಿ, ಇಂಜೆಕ್ಟರ್ ತೆಗೆದು, ಆ ರಂಧ್ರಕ್ಕೆ ಡೀಸೆಲ್ ಗೇಜನ್ನೇ ಕೂಡಿಸಬೇಕು. ಮೋಟಾರ್ ಸೈಕಲ್ಲಿನ ಗೇಜು ಈ ಒತ್ತಡ ತಾಳದು. ಕೈಯಿಂದ ತಿರುಗಿಸುವ ಇಂಜಿನ್ನಿನಲ್ಲಿ ಪುಸ್ತಕದ ಅಂಕಿಗಿಂತ ಕಡಿಮೆಯೇ ಬರುತ್ತದೆ, ಗಾಬರಿ ಬೇಡ. ಒಂಟಿ ಸಿಲಿಂಡರಿಗೆ ಅದರ ಹಳೆಯ ಅಂಕಿಯೇ ಅಳತೆಗೋಲು. ಆದ್ದರಿಂದ ಪ್ರತಿವರ್ಷ ಇದೇ ರೀತಿ ಅಳೆದು ಲೆಕ್ಕದ ವಹಿಯಲ್ಲಿ ಬರೆದಿಡಿರಿ.

ಅಂಕಿ ಇಳಿದಿದ್ದರೆ ಒಂದು ಚಹದ ಚಮಚೆಯಷ್ಟು ಇಂಜಿನ್ ಎಣ್ಣೆ ಒಳಗೆ ಬಿಟ್ಟು ಮತ್ತೆ ಅಳೆಯಿರಿ. ಹೆಚ್ಚು ಬೇಡ, ಪಿಸ್ಟನ್ ಮೇಲೇರಿದಾಗ ಅಲ್ಲಿ ಉಳಿಯುವ ಜಾಗ ಬಹಳ ಚಿಕ್ಕದು. ಅಂಕಿ ಏರಿದರೆ ಸವೆದದ್ದು ರಿಂಗ್ ಮತ್ತು ಲೈನರ್. ಏರದಿದ್ದರೆ ವಾಲ್ವ್ ಇಲ್ಲವೆ ಹೆಡ್ ಗ್ಯಾಸ್ಕೆಟ್.

ಗೇಜು ಸಿಗದಿದ್ದರೆ ಕಿವಿಯೇ ಗೇಜು. ಡೀಸೆಲ್ ನಿಲ್ಲಿಸಿ, ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ಬಿಗಿ ಬರುವವರೆಗೆ ಎಳೆದು ಹಿಡಿಯಿರಿ. ಗಟ್ಟಿ ಇಂಜಿನ್ ಹಿಂದಕ್ಕೆ ಒದೆಯುತ್ತದೆ. ಸುಂಯ್ ಎಂಬ ಸದ್ದು ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಏರ್ ಕ್ಲೀನರಿನಲ್ಲಾದರೆ ಇನ್ಲೆಟ್ ವಾಲ್ವ್, ಎಣ್ಣೆ ಹಾಕುವ ಬಾಯಿಯಲ್ಲಾದರೆ ರಿಂಗ್. ತಂಪು ನೀರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ಟನ್ನು ಸಂಶಯಿಸಿರಿ.

ವಾಲ್ವ್ ಉಜ್ಜಿಸುವುದು ಸಣ್ಣ ಖರ್ಚು, ಅದಕ್ಕೆ ಪೂರ್ಣ ಇಂಜಿನ್ ಬಿಚ್ಚಬೇಕಿಲ್ಲ. ಲೈನರ್ ಸವೆದಿದ್ದರೆ ಮಾತ್ರ ಬೇರೆ ಮಾತು. ಸವೆದ ಲೈನರಿಗೆ ಹೊಸ ರಿಂಗ್ ಹಾಕಿಸುವುದು ದುಡ್ಡಿನ ದಂಡ. ಲೈನರ್, ಪಿಸ್ಟನ್, ರಿಂಗ್ ಕೂಡಿಯೇ ಬದಲಾಗಲಿ. ಮೇ ಕೊನೆಗೆ ಪರೀಕ್ಷೆ, ಪಂಪು ಸುಮ್ಮನಿರುವ ಜುಲೈ–ಆಗಸ್ಟ್‌ನಲ್ಲಿ ರಿಪೇರಿ ಎಂದು ಇಟ್ಟುಕೊಳ್ಳಿರಿ. ಬಿಚ್ಚುವ ಮೊದಲೇ ಹುಬ್ಬಳ್ಳಿಯ ಎರಡು ಅಂಗಡಿಗಳಲ್ಲಿ ಸಾಮಾನಿನ ಬೆಲೆ ಕೇಳಿರಿ.

ಅಣ್ಣಿಗೇರಿ, ನವಲಗುಂದದ ಕಡೆ ರಾಶಿಯ ಕಣದಲ್ಲಿ ಓಡುವ ಇಂಜಿನ್ನಿಗೆ ಧೂಳೇ ಮೊದಲ ವೈರಿ. ಏರ್ ಕ್ಲೀನರ್ ಕಳಚಿಟ್ಟು ಓಡಿಸಿದರೆ ಹೊಸ ಲೈನರ್ ಕೂಡ ಬಾಳದು. ರಿಪೇರಿಯಾದ ಮೇಲೆ ಮೊದಲ ಕೆಲವು ದಿನ ಪೂರ್ಣ ಭಾರ ಹೇರದೆ ಓಡಿಸಿ, ಎಣ್ಣೆಯನ್ನು ಎಂದಿಗಿಂತ ಬೇಗ ಬದಲಿಸಿ, ಆಮೇಲೆ ಹೊಸ ಅಂಕಿಯನ್ನು ವಹಿಯಲ್ಲಿ ಬರೆಯಿರಿ.