ಗದಗಿನ ಎಡಗೈ ಸ್ಪಿನ್ನರ್, ದೂರದೂರುಗಳ ಗುರು

ಸವದತ್ತಿ, ಬೈಲಹೊಂಗಲ, ರಾಮದುರ್ಗ, ಕಿತ್ತೂರಿನ ಮನೆಗಳಲ್ಲಿ ಹುಡುಗ ಕ್ರಿಕೆಟ್ಟನ್ನೇ ನೆಚ್ಚಿ ಕೂತರೆ ಹಿರಿಯರಿಗೆ ಚಿಂತೆ ಹತ್ತುವುದು ಸಹಜ: ಆಡುವ ವಯಸ್ಸು ಮುಗಿದ ಮೇಲೆ ಏನು ಗತಿ? ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಗದಗಿನ ಸುನೀಲ್ ಜೋಶಿ ಇದ್ದಾರೆ. ಶಾಲಾ ದಿನಗಳಲ್ಲಿ ಅವರು ಬೆಳಗಿನ ಜಾವವೇ ಹೊರಟು, ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಯಲ್ಲಿ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. 1996ರಲ್ಲಿ ಭಾರತ ತಂಡ ಸೇರಿ 15 ಟೆಸ್ಟ್, 69 ಏಕದಿನ ಪಂದ್ಯ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರುಗಳಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಆದರೂ ತಂಡದಲ್ಲಿ ಅವರ ಜಾಗ ಎಂದೂ ಭದ್ರವಾಗಿರಲಿಲ್ಲ. ಅವರನ್ನು ಒಳ್ಳೆಯ ಗುರುವಾಗಿಸಿದ್ದು ಇದೇ ಎಂಬುದು ನನ್ನ ವಾದ. ಸೌಕರ್ಯ ತಾನಾಗಿ ಸಿಕ್ಕವನಿಗೆ ತನ್ನ ಆಟ ಹೇಗೆ ಕೂಡಿಬಂತೆಂದು ಬಿಡಿಸಿ ನೋಡುವ ಪ್ರಮೇಯ ಬರುವುದಿಲ್ಲ. ಒಂದೊಂದನ್ನೂ ದುಡಿದು ಗಳಿಸಿದವನಿಗೆ ಅದನ್ನು ಇನ್ನೊಬ್ಬನಿಗೆ ದಾಟಿಸುವ ದಾರಿಯೂ ಗೊತ್ತಿರುತ್ತದೆ.

ಅವರು ಕಲಿಸಲು ಹೋದ ಕಡೆಗಳನ್ನೇ ನೋಡಿ. 2014ರ ಸೆಪ್ಟೆಂಬರಿನ ಪ್ರವಾಹ ಶ್ರೀನಗರದ ಮೈದಾನವನ್ನೇ ಮುಳುಗಿಸಿತ್ತು. ಸರಿಯಾದ ಅಭ್ಯಾಸವೂ ಇಲ್ಲದ ಜಮ್ಮು–ಕಾಶ್ಮೀರ ತಂಡ ಆ ಡಿಸೆಂಬರಿನಲ್ಲಿ ಜೋಶಿಯವರ ತರಬೇತಿಯಡಿ ವಾಂಖೆಡೆಗೆ ಬಂದು, 40 ಬಾರಿ ರಣಜಿ ಗೆದ್ದಿದ್ದ ಮುಂಬೈಯನ್ನು ಸೋಲಿಸಿತು. ರನ್ ಹೊಡೆದವರು ಶುಭಂ ಖಜೂರಿಯಾರಂಥ ಆಟಗಾರರು, ಕೋಚ್ ಅಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಮಾತು; ಒಂದು ಗೆಲುವಿನಿಂದ ಗುರುವನ್ನು ಅಳೆಯಲಾಗದು. ಅದಕ್ಕೇ ಬಾಂಗ್ಲಾದೇಶವನ್ನು ನೋಡಬೇಕು. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಆ ದೇಶದ ಮೊಟ್ಟಮೊದಲ ಟೆಸ್ಟಿನಲ್ಲಿ 8 ವಿಕೆಟ್ ಪಡೆದು, 92 ರನ್ ಹೊಡೆದು ಪಂದ್ಯಶ್ರೇಷ್ಠರಾದವರು ಇದೇ ಜೋಶಿ. 2017ರಲ್ಲಿ ಅದೇ ತಂಡದ ಸ್ಪಿನ್ ಗುರುವಾದರು. ಆ ಆಗಸ್ಟಿನಲ್ಲಿ ಬಾಂಗ್ಲಾ ಆಸ್ಟ್ರೇಲಿಯಾವನ್ನು ಮೊದಲ ಬಾರಿಗೆ ಟೆಸ್ಟಿನಲ್ಲಿ ಮಣಿಸಿದ್ದರ ಶ್ರೇಯಸ್ಸನ್ನು, ಆಗಷ್ಟೇ ಬಂದಿದ್ದ ಅವರಿಗೆ ಕೊಡುವುದು ಸರಿಯಲ್ಲ. 2018ರ ಸರಣಿಯ ಮಾತು ಬೇರೆ. ತವರಿನಲ್ಲಿ ವೆಸ್ಟ್ ಇಂಡೀಸನ್ನು 2–0ರಿಂದ ಸೋಲಿಸಿದಾಗ ಎದುರಾಳಿಯ 40 ವಿಕೆಟ್‌ಗಳೂ ಬಾಂಗ್ಲಾ ಸ್ಪಿನ್ನರುಗಳ ಪಾಲಾದವು. ಪಿಚ್ ತಿರುವಿನದೇ ಇರಬಹುದು, ಆದರೆ ತಿರುವಿನ ಪಿಚ್ಚಿನಲ್ಲೂ ತಾಳ್ಮೆ ಕೆಟ್ಟ ಸ್ಪಿನ್ನರ್ ಸೋಲುತ್ತಾನೆ.

ಸಣ್ಣ ತಂಡಗಳಲ್ಲಿ ದುಡಿದು ಹೆಸರಾದ ಗುರುಗಳು ಬೇರೆಡೆಯೂ ಇದ್ದಾರೆ. ಸ್ಕಾಟ್ಲೆಂಡಿನ ಫುಟ್‌ಬಾಲ್ ಕೋಚ್ ಅಲೆಕ್ಸ್ ಫರ್ಗ್ಯುಸನ್ ಕೂಡ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬರುವ ಮೊದಲು, ಗ್ಲಾಸ್ಗೋದ ದೊಡ್ಡ ಕ್ಲಬ್ಬುಗಳ ನೆರಳಿನಲ್ಲಿದ್ದ ಅಬರ್ಡೀನ್ ತಂಡವನ್ನು ಕಟ್ಟಿ 1983ರಲ್ಲಿ ರಿಯಲ್ ಮ್ಯಾಡ್ರಿಡನ್ನು ಸೋಲಿಸಿದ್ದರು. ಎಲ್ಲರೂ ಜೋಶಿಯಾಗಲಾರರು, ನಿಜ. ಆದರೆ ಬೆಳಗ್ಗೆದ್ದು ಹುಬ್ಬಳ್ಳಿಗೆ ಹೋಗಿ ಶಾಲೆಯ ಹೊತ್ತಿಗೆ ಮರಳುವುದು ರಾಮದುರ್ಗದ ಹುಡುಗನಿಗೆ ಗದಗಿನವನಿಗಿಂತ ಕಷ್ಟ. ಅಲ್ಲಿಗೆ ಮೊದಲು ಬೇಕಾದದ್ದು ದೊಡ್ಡ ಸ್ಟೇಡಿಯಂ ಅಲ್ಲ. ವಿಭಾಗ ಮಟ್ಟದಲ್ಲಿ ಆಡಿ ಬಂದು, ಸಂಜೆ ಶಾಲೆಯ ಬಯಲಿನಲ್ಲಿ ಚೆಂಡಿನ ಹಿಡಿತ ತಿದ್ದಿಕೊಡುವ, ಅದಕ್ಕೆ ಸಂಬಳವೂ ಸಿಗುವ ಒಬ್ಬ ಕೋಚ್.