ಇಂಗ್ಲಿಷ ಕಲಿಯುವವರ ಶ್ರವಣಾಭ್ಯಾಸ

“ಹುಡುಗನು ಪುಸ್ತಕವನ್ನು ಚೆನ್ನಾಗಿ ಓದುತ್ತಾನೆ, ಪರೀಕ್ಷೆಯಲ್ಲಿ ಅಂಕಗಳೂ ಬರುತ್ತವೆ, ಆದರೆ ಎದುರಿನವರು ಇಂಗ್ಲಿಷಿನಲ್ಲಿ ನಾಲ್ಕು ಮಾತನಾಡಿದರೆ ಒಂದೂ ತಿಳಿಯದೆ ನಿಂತುಬಿಡುತ್ತಾನೆ. ಇದಕ್ಕೇನು ಉಪಾಯ?” ಎಂದು ಶಹಾಬಜಾರದ ಗೃಹಸ್ಥರು ನಮ್ಮನ್ನು ಮೇಲಿಂದ ಮೇಲೆ ಕೇಳುವದುಂಟು. ಪ್ರಶ್ನೆಯು ಸಣ್ಣದಾಗಿ ತೋರಿದರೂ ಅದರ ಫಲ ಸಣ್ಣದಲ್ಲ. ಹಳ್ಳಿಯ ಶಾಲೆಯಿಂದ ಬಂದ ಬುದ್ಧಿವಂತ ಹುಡುಗಿಯು ಕಾಲೇಜಿನ ಮೊದಲ ತಿಂಗಳಲ್ಲಿಯೇ ಉಪನ್ಯಾಸವು ತಿಳಿಯದೆ, ತನಗೆ ಬುದ್ಧಿಯೇ ಇಲ್ಲವೆಂದು ನಂಬಿ ಎದೆಗೆಡುತ್ತಾಳೆ. ಸಂದರ್ಶನಕ್ಕೆ ಹೋದ ತರುಣನು ಉತ್ತರವನ್ನು ಬಲ್ಲವನಾದರೂ ಪ್ರಶ್ನೆಯನ್ನು ಹಿಡಿಯಲಾರದೆ ಹಿಂದಿರುಗುತ್ತಾನೆ. ವೈದ್ಯರು ‘ಫಿಫ್ಟೀನ್’ ಎಂದದ್ದು ‘ಫಿಫ್ಟಿ’ ಎಂದು ಕೇಳಿಸಿದರೆ ಹದಿನೈದು ದಿನದ ಔಷಧವು ಐವತ್ತು ದಿನದ್ದಾಗುವದು. ಆದುದರಿಂದ ಈ ವಿಷಯವನ್ನು ಮನೆಮನೆಯಲ್ಲಿಯೂ ವಿಚಾರಿಸತಕ್ಕದ್ದು.

ಕಿವಿಯು ಭಾಷೆಯನ್ನು ಹೇಗೆ ಕಲಿಯುತ್ತದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಬಹಮನಿ ಅರಸರು 1347ರಲ್ಲಿ ಕಲಬುರಗಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡ ಕಾಲದಿಂದಲೂ ಇದು ಹಲವು ನುಡಿಗಳ ಊರು. ಇಲ್ಲಿಯ ಕೂಸು ಉರ್ದು ಲಿಪಿಯ ಒಂದಕ್ಷರವನ್ನೂ ಅರಿಯದೆ ದಖನಿಯನ್ನು ತಿಳಿಯುತ್ತದೆ. ಮರಾಠಿ, ತೆಲುಗು ಮಾತುಗಳನ್ನೂ ಅಷ್ಟಿಷ್ಟು ಹಿಡಿಯುತ್ತದೆ. ಕಲಿಸಿದವರಾರು? ಬಜಾರವೇ ಕಲಿಸಿತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವೇ ಬೋಧನಭಾಷೆಯಾಗಿತ್ತು. ಇಂಗ್ಲಿಷು ಕಡ್ಡಾಯದ ಒಂದು ವಿಷಯವಾಗಿತ್ತು. 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದ ಈ ಭಾಗದ ಕನ್ನಡಿಗ ವಿದ್ಯಾರ್ಥಿಗಳಿಗೆ ಉರ್ದುವಿನ ಗ್ರಂಥಭಾಷೆ ಕಠಿಣವಾಗಿದ್ದರೂ ಅದರ ಧ್ವನಿ ಮಾತ್ರ ಹೊಸದಾಗಿರಲಿಲ್ಲ. ಓಣಿಯಲ್ಲಿ ಕಿವಿ ಮೊದಲೇ ಪಳಗಿತ್ತು.

ಇಂಗ್ಲಿಷಿನ ಸ್ಥಿತಿ ಇದಕ್ಕೆ ತೀರ ವಿಪರೀತ. ಅದು ನಮ್ಮ ಮಕ್ಕಳಿಗೆ ಕಣ್ಣಿನಿಂದ ಬಂದ ಭಾಷೆ. ಅಕ್ಷರ, ಕಾಗುಣಿತ, ವ್ಯಾಕರಣ, ಪ್ರಶ್ನೋತ್ತರ ಇವೆಲ್ಲವೂ ಕಾಗದದ ಮೇಲೆ ನಡೆಯುತ್ತವೆ. ಶಹಾಬಜಾರದಲ್ಲಿ ಇಂಗ್ಲಿಷಿಗೆ ಬಜಾರವಿಲ್ಲ. ಹೀಗಿರಲು ಕಿವಿ ಕಲಿಯಲಿಲ್ಲವೆಂದು ಮಗುವನ್ನು ಬೈದು ಫಲವೇನು? ಆ ಬಜಾರವನ್ನು ನಾವೇ ಮನೆಯಲ್ಲಿ ಸ್ವಲ್ಪಮಟ್ಟಿಗೆ ಕಟ್ಟಿಕೊಡಬೇಕು.

ಮೊದಲು ತೊಡಕು ಎಲ್ಲಿದೆ ಎಂಬುದನ್ನು ನೋಡೋಣ. ಬರೆಹದಲ್ಲಿ ಶಬ್ದಗಳ ನಡುವೆ ತೆರಪಿರುವದು. ಮಾತಿನಲ್ಲಿ ಅದು ಇರುವದಿಲ್ಲ. ನಾವು “ಹೋಗಿ ಬರುತ್ತೇನೆ” ಎಂದು ಬರೆದು “ಹೋಗ್ಬರ್ತೀನಿ” ಎನ್ನುತ್ತೇವಲ್ಲವೆ? ಇಂಗ್ಲಿಷರೂ ಹಾಗೆಯೇ. ನಮ್ಮ ಕನ್ನಡ ವ್ಯಾಕರಣದ ಲೋಪ, ಆಗಮ, ಆದೇಶಗಳೆಂಬ ಮೂರೂ ಸಂಧಿಕಾರ್ಯಗಳು ಅವರ ಮಾತಿನಲ್ಲಿಯೂ ಕಾಣುವವು. ‘ನೆಕ್ಸ್ಟ್ ಡೇ’ ಎಂಬುದು ‘ನೆಕ್ಸ್‌ಡೇ’ ಆಗುವಾಗ ಟಕಾರವು ಲೋಪವಾಯಿತು. ‘ಗೋ ಆನ್’ ಎಂಬುದು ‘ಗೋವಾನ್’ ಆಗುವಾಗ ವಕಾರದಂಥ ಧ್ವನಿಯೊಂದು ಬಂದಿತು. ‘ಡಿಡ್ ಯು’ ಎಂಬುದು ‘ಡಿಜು’ ಆಗುವಾಗ ಜಕಾರವು ಆದೇಶವಾಯಿತು. ‘ಪುಟ್ ಇಟ್ ಆನ್’ ಎಂಬ ಮೂರು ಶಬ್ದಗಳು ಕೂಡಿ ‘ಪುಟಿಟಾನ್’ ಎಂದು ಕೇಳಿಸುವವು. ಪುಸ್ತಕದಲ್ಲಿ ಇಂಥ ಶಬ್ದವೇ ಇಲ್ಲವಾದುದರಿಂದ ಕಲಿಯುವವನು ತನಗೆ ತಿಳಿದ ಮೂರು ಶಬ್ದಗಳನ್ನೇ ತಿಳಿಯದ ಒಂದು ಶಬ್ದವೆಂದು ಭ್ರಮಿಸುತ್ತಾನೆ.

ಎರಡನೆಯ ತೊಡಕು ಬಲಾಘಾತದ್ದು. ಕನ್ನಡದಲ್ಲಿ ನಾವು ಪ್ರತಿಯೊಂದು ಅಕ್ಷರಕ್ಕೂ ಅದರ ಮಾತ್ರೆಗೆ ತಕ್ಕ ಕಾಲವನ್ನು ಕೊಡುತ್ತೇವೆ. ಇಂಗ್ಲಿಷಿನಲ್ಲಿ ಶಬ್ದದ ಒಂದು ಭಾಗವನ್ನು ಒತ್ತಿ ನುಡಿದು ಉಳಿದವನ್ನು ನುಂಗುವರು. ವಾಕ್ಯದಲ್ಲಿಯೂ ನಾಮ, ಕ್ರಿಯೆ, ಸಂಖ್ಯೆಗಳಂಥ ಮುಖ್ಯ ಶಬ್ದಗಳು ಎದ್ದು ಕೇಳುವವು. ‘ಆಫ್’, ‘ಟು’, ‘ಆ್ಯಂಡ್’ ಮುಂತಾದ ಚಿಕ್ಕ ಶಬ್ದಗಳು ಅಡಗಿ ಹೋಗುವವು. ‘ಫಿಫ್ಟೀನ್’ ಎಂಬಲ್ಲಿ ಒತ್ತು ಸಾಮಾನ್ಯವಾಗಿ ಕೊನೆಗೆ ಬೀಳುವದು, ‘ಫಿಫ್ಟಿ’ ಎಂಬಲ್ಲಿ ಮೊದಲಿಗೆ. ಎಲ್ಲ ಶಬ್ದಗಳನ್ನೂ ಹಿಡಿಯಹೊರಟವನು ಎಲ್ಲವನ್ನೂ ಕಳೆದುಕೊಳ್ಳುವನು. ಒತ್ತಿದವನ್ನು ಹಿಡಿದವನಿಗೆ ಅರ್ಥದ ಎಳೆ ಸಿಕ್ಕುವದು.

ಶಬ್ದಗಳಿಂದ ಅರ್ಥಬೋಧವಾಗಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದು ನಮ್ಮ ನೈಯಾಯಿಕರು ಹೇಳಿದರು. ಒಂದು ಪದವು ಬಂದೊಡನೆ ಮುಂದಿನ ಪದವನ್ನು ಮನಸ್ಸು ಬಯಸಬೇಕು. ಬಂದ ಪದವು ಹೊಂದಿಕೆಯಾಗಬೇಕು. ಎರಡೂ ಒಂದರ ಬೆನ್ನಿಗೊಂದು ಬರಬೇಕು. ವಿಷಯವೇ ಗೊತ್ತಿಲ್ಲದವನ ಮನಸ್ಸು ಏನನ್ನು ಬಯಸೀತು? ಆದುದರಿಂದ ಆರಂಭದಲ್ಲಿ ಗೊತ್ತಿರುವ ಸಂಗತಿಯನ್ನೇ ಕೇಳುವದು ಲೇಸು. ಆಕಾಶವಾಣಿಯ ಕನ್ನಡ ವಾರ್ತೆಯನ್ನು ಮೊದಲು ಕೇಳಿ, ಅದೇ ದಿನದ ಇಂಗ್ಲಿಷ ವಾರ್ತೆಯನ್ನು ಆಮೇಲೆ ಕೇಳಿದರೆ ಅರ್ಧ ಕೆಲಸ ಆದಂತೆಯೇ.

ಇನ್ನು ಅಭ್ಯಾಸದ ಕ್ರಮ. ಒಂದೆರಡು ನಿಮಿಷದ ಭಾಗವೊಂದನ್ನು ಆರಿಸಿಕೊಳ್ಳಬೇಕು. ಅದರ ಬರೆಹವೂ ಕೈಯಲ್ಲಿರಬೇಕು. ಮೊದಲ ಸಲ ಬರೆಹವನ್ನು ಮುಚ್ಚಿಟ್ಟು ಕೇಳಿ, ‘ಯಾರು, ಎಲ್ಲಿ, ಎಷ್ಟು’ ಎಂಬಿಷ್ಟನ್ನೇ ಹೇಳಿಕೊಳ್ಳಬೇಕು. ಎರಡನೆಯ ಸಲ ಬರೆಹವನ್ನು ನೋಡುತ್ತ ಕೇಳಿ, ಶಬ್ದಗಳು ಕೂಡಿಹೋದ ಎಡೆಗಳಿಗೆ ಗೆರೆ ಎಳೆಯಬೇಕು. ಋಗ್ವೇದದ ಸಂಹಿತೆಯಲ್ಲಿ ಸಂಧಿಯಾದ ಪದಗಳನ್ನು ಬಿಡಿಸಿ ಶಾಕಲ್ಯನು ಪದಪಾಠವನ್ನು ಮಾಡಿದನಲ್ಲವೆ? ಇದೂ ಅಂಥದೇ ಕೆಲಸ. ಮೂರನೆಯ ಸಲ ಮತ್ತೆ ಬರೆಹವಿಲ್ಲದೆ ಕೇಳಿ, ಕೇಳಿದಂತೆಯೇ ಗಟ್ಟಿಯಾಗಿ ನುಡಿಯಬೇಕು; ಬಾಯಿ ನುಡಿದದ್ದನ್ನು ಕಿವಿ ಬೇಗನೆ ಗುರುತಿಸುವದು. ಕಡೆಯಲ್ಲಿ ಒಂದೇ ವಾಕ್ಯವನ್ನು ಶುದ್ಧಲೇಖನದಂತೆ ಬರೆದು ಮೂಲದೊಡನೆ ತಾಳೆ ನೋಡಬೇಕು. ತಪ್ಪಿದ ಎಡೆಯೇ ನಾಳಿನ ಪಾಠ. ದಿನಕ್ಕೆ ಹದಿನೈದು ನಿಮಿಷ ಸಾಕು. ಆದರೆ ದಿನಾಲು ಆಗಬೇಕು. ರವಿವಾರ ಒಂದೇ ದಿನ ಎರಡು ತಾಸು ಕುಳಿತರೆ ಕಿವಿ ದಣಿಯುವದೇ ಹೊರತು ಪಳಗುವದಿಲ್ಲ.

ಸಾಧನಗಳಿಗೆ ಈಗ ಕೊರತೆಯಿಲ್ಲ. ಬಿಬಿಸಿಯವರು ರೇಡಿಯೋದ ಮೂಲಕ ಇಂಗ್ಲಿಷ ಪಾಠಗಳನ್ನು 1943ರಲ್ಲಿಯೇ ಆರಂಭಿಸಿದರು. 1959ರಲ್ಲಿ ವಾಯ್ಸ್ ಆಫ್ ಅಮೆರಿಕಾದವರು ಸುಮಾರು 1500 ಶಬ್ದಗಳೊಳಗೇ, ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ ಓದುವ ವಾರ್ತೆಗಳನ್ನು ಹೊಸ ಕಲಿಕೆಗಾರರಿಗಾಗಿಯೇ ತೊಡಗಿದರು. ಆಗ ಒಮ್ಮೆ ತಪ್ಪಿದ ಮಾತು ತಪ್ಪಿದಂತೆಯೇ ಸರಿ. ಈಗ ಮೊಬೈಲಿನಲ್ಲಿ ಬೇಕಾದಷ್ಟು ಸಲ ತಿರುಗಿ ಕೇಳಬಹುದು, ವೇಗವನ್ನೂ ತಗ್ಗಿಸಬಹುದು. ಒಂದೆರಡು ಎಚ್ಚರಿಕೆಗಳು ಮಾತ್ರ ಅವಶ್ಯ. ಚಿತ್ರದ ಕೆಳಗೆ ಕನ್ನಡದ ಸಾಲುಗಳನ್ನು ಓದುತ್ತ ನೋಡಿದರೆ ಕಣ್ಣು ದುಡಿಯುವದು, ಕಿವಿ ಮಲಗುವದು. ಮೊದಲೇ ವಿಲಾಯತಿಯವರ ಉಚ್ಚಾರಕ್ಕೆ ಕೈಹಾಕುವದೂ ಬೇಡ. ನಮ್ಮ ಮಕ್ಕಳು ಮುಂದೆ ಹೆಚ್ಚಾಗಿ ಕೇಳುವದು ಬೆಂಗಳೂರು, ಹೈದರಾಬಾದುಗಳ ಜನರ ಇಂಗ್ಲಿಷನ್ನು. ಅದರಿಂದಲೇ ಪ್ರಾರಂಭಿಸಲಿ, ದೂರದ್ದು ಆಮೇಲೆ ಬರಲಿ.

ತಾಯಿತಂದೆಗಳು ಇಂಗ್ಲಿಷ ಬಲ್ಲವರಾಗಿರಬೇಕೆಂಬ ನಿಯಮವಿಲ್ಲ. ಮಗುವು ಕೇಳಿದ್ದನ್ನು ಕನ್ನಡದಲ್ಲಿ ಹೇಳಿಸಿರಿ. ಅಡಿಗೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಲೇ “ಇಂದಿನ ವಾರ್ತೆಯಲ್ಲಿ ಏನಂದರೋ ತಮ್ಮಾ?” ಎಂದು ತಾಯಿ ಕೇಳಿದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಯಾವದು? ಬೇಕಾದರೆ ಅವಳೂ ಜೊತೆಯಲ್ಲಿ ಕಲಿಯಲಿ. ಕಿವಿಗೆ ವಯಸ್ಸಿನ ಹಂಗು ನಾವು ತಿಳಿದಷ್ಟು ಇಲ್ಲ.

ಕೊನೆಯದಾಗಿ, ತಿಳಿಯದಿದ್ದರೂ ತಲೆಯಾಡಿಸುವ ಚಾಳಿಯನ್ನು ಬಿಡಿಸಬೇಕು. ನಮ್ಮಲ್ಲಿ ಹಿರಿಯರೆದುರಿಗೆ ಮರಳಿ ಕೇಳುವದು ಅವಿನಯವೆಂಬ ಭಾವನೆಯಿದೆ. ಆದರೆ ಔಷಧದ ಪ್ರಮಾಣವನ್ನೋ ಹಣದ ಮೊತ್ತವನ್ನೋ ತಪ್ಪು ತಿಳಿಯುವದು ಅದಕ್ಕಿಂತ ದೊಡ್ಡ ಕೇಡು. ‘ಪ್ಲೀಜ್ ಸೇ ಇಟ್ ಅಗೇನ್’ ಎಂಬ ಒಂದು ವಾಕ್ಯವನ್ನೂ, ‘ಒನ್ ಫೈವ್ ಆರ್ ಫೈವ್ ಝೀರೋ?’ ಎಂದು ಅಂಕಿಗಳನ್ನು ಬಿಡಿಬಿಡಿಯಾಗಿ ಕೇಳುವ ರೀತಿಯನ್ನೂ ಪ್ರತಿಯೊಬ್ಬ ಹುಡುಗ ಹುಡುಗಿಗೆ ಬಾಯಿಪಾಠ ಮಾಡಿಸಿರಿ. ಶ್ರವಣದ ಅಭ್ಯಾಸವು ಫಲಿಸುವದಕ್ಕೆ ತಿಂಗಳುಗಳು ಹಿಡಿಯಬಹುದು. ಈ ಎರಡು ವಾಕ್ಯಗಳು ಇಂದೇ ಕೆಲಸಕ್ಕೆ ಬರುವವು.